ಹೆಸರಿದ್ದದ್ದು ಪ್ರಿಂಟು

ಮೇಲ್ ಕಳಿಸುವ ದಿನ ನಾನು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತೇನೆ. ಒಂದೊಂದೇ ಸಾಲು. ಹೆಸರು, ಊರು, ಯಾವ ಪರೀಕ್ಷೆ, ಯಾವ ವಿಳಾಸ. ಪಕ್ಕದ ಕೋಣೆಯಲ್ಲಿ ರಕ್ತ ತೆಗೆಯುವ ಹುಡುಗಿ "ಏನಕ್ಕಾ, ಸಹಸ್ರನಾಮ ಶುರುವಾಯ್ತಾ?" ಎಂದು ರೇಗಿಸುತ್ತಾಳೆ. ಮಾಲೀಕರು ಮೆಟ್ಟಿಲ ಹತ್ತಿರ ನಿಂತು ಗಡಿಯಾರ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ. ನಾನು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಈ ಬುದ್ಧಿ ಎರಡು ವರ್ಷದ ಹಿಂದೆಯೇ ಬಂದಿದ್ದರೆ ಇದನ್ನೆಲ್ಲ ಕೂತು ಬರೆಯುವ ಕರ್ಮ ನನಗಿರುತ್ತಿರಲಿಲ್ಲ.

ನಮ್ಮದು ಕೈಲಾಂಚದ ಕಡೆಯ ಒಂದು ಹಳ್ಳಿ. ನಾನು ಸ್ಕೂಟರಿನಲ್ಲಿ ದಿನಾ ರಾಮನಗರಕ್ಕೆ ಹೋಗಿ ಬರುತ್ತೇನೆ. ಕೆಲಸ ರಕ್ತ, ಕಫ, ಮೂತ್ರ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ. ಸೂಜಿ ಹಿಡಿಯುವುದು ನನ್ನ ಕೆಲಸವಲ್ಲ. ಮಹಡಿಯ ಮೇಲಿನ ಕೋಣೆಯಲ್ಲಿ ಕೂತು, ಬಂದು ಹೋದವರು ಮತ್ತೆ ಬರುವಂತೆ ಅವರಿಗೆಲ್ಲ ಮೇಲ್ ಬರೆಯುವುದು. ಊರಿನಲ್ಲಿ ಮಾತ್ರ ನಾನು "ಕಂಪ್ಯೂಟರ್ ಆಫೀಸು" ಎಂದಷ್ಟೇ ಹೇಳಿಕೊಂಡಿದ್ದೆ. ಲ್ಯಾಬು ಎಂದರೆ ಬೆಳಗಾದರೆ ಬಾಗಿಲಿಗೆ ಯಾರಾದರೂ ವರದಿ ಹಿಡಿದು ಬಂದು "ಒಸಿ ನೋಡ್ಯೋಳವ್ವ, ನಂಗೇನಾಗೈತೆ" ಅನ್ನುತ್ತಾರೆ. ಆ ಗೋಳು ಬೇಡ ಅಂತ ಮುಚ್ಚಿಟ್ಟಿದ್ದೆ. ಅಮ್ಮನಿಗೂ ಸರಿಯಾಗಿ ಗೊತ್ತಿರಲಿಲ್ಲ.

ನಮ್ಮೂರಿನ ಮೇಲ್ ವ್ಯವಸ್ಥೆಯ ಬಗ್ಗೆ ಮೊದಲು ಹೇಳಬೇಕು. ಬಸ್ ನಿಲ್ದಾಣದ ಎದುರು ಒಂದು ಆನ್‌ಲೈನ್ ಸೆಂಟರ್ ಇದೆ. ರೇಷನ್ ಕಾರ್ಡು, ಪಹಣಿ, ಪಿಂಚಣಿ, ಸಿಲಿಂಡರು, ಎಲ್ಲ ಅರ್ಜಿಯೂ ಅಲ್ಲೇ. ಎಲ್ಲ ಅರ್ಜಿಯಲ್ಲೂ ಮೇಲ್ ಐಡಿ ಕೇಳುತ್ತಾರೆ. ನಮ್ಮ ಹೆಂಗಸರಿಗೆ ಎಲ್ಲಿಂದ ಬರಬೇಕು? ಸೆಂಟರಿನವನು ಒಳ್ಳೆಯವನು. "ಇಲ್ವಾ? ನಂದೇ ಹಾಕ್ತೀನಿ ಬುಡಿ" ಎಂದು ತನ್ನ ಐಡಿಯನ್ನೇ ಎಲ್ಲರಿಗೂ ಹಾಕಿಬಿಟ್ಟ. ಅದನ್ನು ಚಿಕ್ಕ ಚೀಟಿಯಲ್ಲಿ ಬರೆದೂ ಕೊಟ್ಟ. ಆ ಚೀಟಿ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲರ ಪರ್ಸಿನಲ್ಲೂ ಇದೆ. ಯಾರು ಎಲ್ಲಿ ಕೇಳಿದರೂ ಅದನ್ನೇ ತೆಗೆದು ಕೊಡುತ್ತಾರೆ. ಹೀಗೆ ಅರ್ಧ ಊರಿಗೆ ಒಂದೇ ವಿಳಾಸ.

ಬಂದ ಮೇಲ್ ತಲುಪಿಸುವುದಕ್ಕೂ ಅವನೇ ದಾರಿ ಮಾಡಿದ್ದ. ಮಧ್ಯಾಹ್ನ ಕೂತು ನೋಡುತ್ತಾನೆ. "ಹೆಸರಿಲ್ಲದ್ದು ಡಿಲೀಟು, ಹೆಸರಿದ್ದದ್ದು ಪ್ರಿಂಟು" ಎನ್ನುವುದು ಅವನ ಲೆಕ್ಕ. ಪ್ರಿಯ ಗ್ರಾಹಕರೇ ಎಂದು ಶುರುವಾದದ್ದೆಲ್ಲ ಜಾಹೀರಾತು, ತಿಪ್ಪೆಗೆ. ಮನುಷ್ಯರ ಹೆಸರಿದ್ದರೆ ಅದು ಕಾಗದ. ಅರ್ಧ ಹಾಳೆಗೆ ಪ್ರಿಂಟ್ ತೆಗೆದು, ಸಂಜೆ ಹಾಲಿನ ಡೈರಿಗೆ ಕೊಡುತ್ತಾನೆ. ಊರಿನವರೆಲ್ಲ ಹಾಲು ಹಾಕಲು ಅಲ್ಲಿಗೆ ಬಂದೇ ಬರುತ್ತಾರಲ್ಲ. ಡೈರಿ ಸೆಕ್ರೆಟರಿ ಹೆಸರು ಕೂಗುತ್ತಾನೆ, ಓದಲು ಬಾರದವರು "ಅಲ್ಲೇ ಓದ್ಬುಡಪ್ಪ" ಅನ್ನುತ್ತಾರೆ, ಅವನು ಓದುತ್ತಾನೆ. ಅರ್ಜಿ ಮಂಜೂರಾಗಿದೆ, ಆಧಾರ್ ಜೋಡಿಸಿ, ಇಂಥವೇ ತಾನೇ? ಗುಟ್ಟಿನದು ಏನೂ ಇರುತ್ತಿರಲಿಲ್ಲ. ನಾನೂ ಹಾಲಿನ ಕ್ಯಾನು ಹಿಡಿದು ಆ ಸಾಲಿನಲ್ಲಿ ನಿಂತು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಯಾರಾದರೂ ನನ್ನ ಪರ ಮಾತಾಡಿದರೆ ನಾನೇ ಜಗಳ ಆಡುತ್ತೇನೆ.

ಇನ್ನು ಊಟದವ್ವ. ಶಾಲೆಯಲ್ಲಿ ಬಿಸಿಯೂಟ ಶುರುವಾದಾಗಿನಿಂದ ಅಡುಗೆ ಅವಳದೇ. ಮಕ್ಕಳು ಇಟ್ಟ ಆ ಹೆಸರು ಊರಿಗೂ ಅಂಟಿಕೊಂಡಿತು. ಗಂಡ ಸತ್ತು ಬಹಳ ಕಾಲವಾಗಿದೆ, ಮಕ್ಕಳಿಲ್ಲ, ನಮ್ಮ ಮನೆಯಿಂದ ಮೂರನೆಯ ಬಾಗಿಲು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅವಳ ಕೈಯ ಸಾರು ಉಂಡವಳು. ಅವಳ ಸಾರಿಗೆ ಎರಡು ಸಲ ತಟ್ಟೆ ಚಾಚದ ಮಗು ಆ ಶಾಲೆಯಲ್ಲಿರಲಿಲ್ಲ. ಎರಡನೇ ಸಲ ಹಾಕುವಾಗ "ಹೊಟ್ಟೇನೋ ವಾಡೇನೋ" ಎಂದು ಬೈದುಕೊಂಡೇ ಹಾಕುತ್ತಿದ್ದಳು. ವಾಡೆ ಎಂದರೆ ಕಾಳು ತುಂಬುವ ದೊಡ್ಡ ಮಣ್ಣಿನ ಗುಡಾಣ. ನಾನು ಮೂರು ಸಲ ಹಾಕಿಸಿಕೊಳ್ಳುತ್ತಿದ್ದೆ.

ಅವಳ ತಂಗಿಯನ್ನು ಮರಳವಾಡಿಗೆ ಕೊಟ್ಟಿದ್ದರು. ಗಂಡಂದಿರಿಬ್ಬರೂ ಯಾವುದೋ ಮದುವೆಯಲ್ಲಿ ಕಿತ್ತಾಡಿಕೊಂಡು ಹೋಗಿ ಬರುವುದು ನಿಂತುಹೋಗಿತ್ತು. ಆಗ ಮನೆಮನೆಗೆ ಫೋನಿಲ್ಲ. ಹಾಗಾಗಿ ಊಟದವ್ವ ಹೇಳುವುದು, ನಾನು ಬರೆಯುವುದು. ತಿಂಗಳಿಗೊಂದು ಇನ್‌ಲ್ಯಾಂಡ್ ಲೆಟರ್. ಶಾಲೆಯಲ್ಲಿ ಕಲಿಸಿದ ಕ್ಷೇಮ, ಶ್ರೀ, ಇತ್ಯಾದಿ ನನಗೆ ಬೇಜಾರು. ನಾನು ಶುರು ಮಾಡುತ್ತಿದ್ದದ್ದೇ "ಊಟ ಆಯಿತೇ? ಏನು ಸಾರು ಮಾಡಿದ್ದಿರಿ?" ಎಂದು. ಊಟದವ್ವ ಬಿದ್ದು ಬಿದ್ದು ನಗುತ್ತಿದ್ದಳು. "ಅಲ್ಲಾ ಕಣಮ್ಮಿ, ಈ ಕಾಗ್ಜ ಅಲ್ಲಿಗೋಗೋಕೆ ಮೂರ್ದಿನ ಆಯ್ತದೆ. ಅವಳು ಯಾವತ್ತಿನ ಸಾರು ಅಂತ ಬರೀಬೇಕು?" ಆದರೂ ತೆಗೆಸುತ್ತಿರಲಿಲ್ಲ. ತಂಗಿಯ ಉತ್ತರವೂ ಸಾರಿನಿಂದಲೇ ಶುರುವಾಗತೊಡಗಿತು. ಫೋನು ಬರುವವರೆಗೆ ಹೀಗೇ ನಡೆಯಿತು.

ಈಗ ಲ್ಯಾಬಿನ ವಿಷಯ. ಮೊದಲು ನಮ್ಮ ಮೇಲ್‌ಗಳು "ಪ್ರಿಯ ಗ್ರಾಹಕರೇ" ಎಂದೇ ಹೋಗುತ್ತಿದ್ದವು. ಮಾಲೀಕರು ಯಾವುದೋ ತರಬೇತಿಗೆ ಹೋಗಿ ಬಂದವರೇ ನನ್ನ ಮೇಜಿನ ಮುಂದೆ ಕೂತು, "ಗ್ರಾಹಕರೇ ಅಂದ್ರೆ ಯಾರಮ್ಮ ಓದ್ತಾರೆ? ಹೆಸರು ಹಿಡಿದು ಕರೀಬೇಕು. ಅವರು ಮಾಡಿಸಿದ ಪರೀಕ್ಷೆ ನಮಗೆ ನೆನಪಿದೆ ಅಂತ ತೋರಿಸಬೇಕು. ಮನೆಯವರು ಬರೆದ ಹಾಗಿರಬೇಕು" ಎಂದರು. ನನಗೆ ಖುಷಿಯಾಯಿತು. ಹೌದು, ಖುಷಿಯೇ. ಕಾಗದ ಬರೆಯುವುದೆಂದರೆ ನನಗೆ ಇಷ್ಟ, ಅಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ.

ನಾನು ಸಕ್ಕರೆ ಕಾಯಿಲೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದೆ. ಪ್ರಿಯ, ಆಮೇಲೆ ಹೆಸರು ಬೀಳುವ ಖಾಲಿ ಜಾಗ, ಅವರೇ. ಊಟ ಆಯಿತೇ? ಏನು ಸಾರು ಮಾಡಿದ್ದಿರಿ? ನೀವು ಮಾಡಿಸಿದ, ಇಲ್ಲಿ ಪರೀಕ್ಷೆಯ ಹೆಸರಿಗೆ ಇನ್ನೊಂದು ಖಾಲಿ ಜಾಗ, ಪರೀಕ್ಷೆಗೆ ಆರು ತಿಂಗಳು ತುಂಬಿತು. ಅಸಡ್ಡೆ ಬೇಡ, ಮತ್ತೆ ಬನ್ನಿ. ನಿಮ್ಮ ಕೈಯೂಟ ಉಣ್ಣುವವರನ್ನೂ ಕರೆತಂದು ಪರೀಕ್ಷೆ ಮಾಡಿಸಿ, ಅವರಿಗೂ ರಿಯಾಯಿತಿ ಇದೆ. ಮಾಲೀಕರು ಓದಿ ತೊಡೆ ತಟ್ಟಿಕೊಂಡು ನಕ್ಕರು. "ಆಹಾ, ಏನು ಸಾರು ಅಂತೆ!" ಎಂದು ಕೆಳಗಿನವರನ್ನೆಲ್ಲ ಕರೆದು ಓದಿಸಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಪಟ್ಟಿಗೆ ಆರು ತಿಂಗಳ ಹಿಂದೆ ಬಂದಿದ್ದ ಎಲ್ಲರನ್ನೂ ಹಾಕಿದೆ. ಸಕ್ಕರೆ, ಥೈರಾಯ್ಡ್ ಎಂದು ಬೇರೆ ಮಾಡಬೇಕಿತ್ತು. ಆರು ತಿಂಗಳಿಗೊಮ್ಮೆ ಮಾಡಿಸುವ ಪರೀಕ್ಷೆ ಯಾವುದು, ಜನ್ಮದಲ್ಲಿ ಒಂದೇ ಸಲ ಹೆದರಿ ಮಾಡಿಸುವ ಪರೀಕ್ಷೆ ಯಾವುದು ಎಂದು ನೋಡಬೇಕಿತ್ತು. ನೋಡಲಿಲ್ಲ. ಮೊದಲ ಐದು ಸಾಲು ತೆರೆದು ಪರೀಕ್ಷಿಸಿದೆ, ಐದೂ ಸಕ್ಕರೆಯವೇ, ಚೆನ್ನಾಗಿ ಕಂಡವು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು. ಒಂದೇ ವಿಳಾಸ ಹಲವು ಸಲ ಇದೆ, ಏನು ಮಾಡಲಿ ಎಂದು ಕೇಳಿತು. ಯಾವ ವಿಳಾಸ ಎಂದು ನೋಡಿದರೆ ನಮ್ಮೂರಿನ ಸೆಂಟರಿನದು. ನೋಡಿ ನಕ್ಕುಬಿಟ್ಟೆ. ಓಹೋ ನಮ್ಮವರು ಎಂದುಕೊಂಡೆ. ಎಲ್ಲವನ್ನೂ ಇಟ್ಟುಕೋ ಎಂಬುದನ್ನು ಒತ್ತಿದೆ. ಯಾರ್‍ಯಾರು ನಮ್ಮವರು ಎಂದು ಪಟ್ಟಿಯಲ್ಲಿ ಹುಡುಕಿ ನೋಡುವ ಕುತೂಹಲವೂ ನನಗೆ ಹುಟ್ಟಲಿಲ್ಲ. ಊಟದ ಹೊತ್ತಾಗಿತ್ತು.

ಎರಡು ದಿನ ಬಿಟ್ಟು ಸಂಜೆ ನಾನು ಡೈರಿಯಲ್ಲಿದ್ದೆ. ನನ್ನ ಎದುರು ಸಾಲಿನಲ್ಲಿ ಊಟದವ್ವ, ಅವಳಿಗೊಂದು ಹಸುವಿದೆ. ಸೆಕ್ರೆಟರಿ ಅರ್ಧ ಹಾಳೆಗಳ ಕಂತೆ ತೆಗೆದ. ಎರಡೋ ಮೂರೋ ಹೆಸರು ಕೂಗಿದ, ಅವರು ಮಡಿಸಿ ಜೇಬಿಗಿಟ್ಟುಕೊಂಡು ಹೋದರು. ಆಮೇಲೆ ಊಟದವ್ವನ ಹೆಸರು ಕೂಗಿದ, ಗಂಡನ ಹೆಸರಿನ ಮೊದಲಕ್ಷರ ಸಮೇತ. ಅವಳ ಪೂರ್ತಿ ಹೆಸರನ್ನು ಕೇಳಿ ಯಾರೋ "ಅದ್ಯಾರ್ಲಾ ಅದು?" ಎಂದರು. ಎಲ್ಲ ನಕ್ಕರು.

"ನಾನೇ ಕಣಪ್ಪ. ಓದು, ಏನಂತೆ? ಪಿಂಚಣೀದಾ?" ಎಂದಳು.

ಸೆಕ್ರೆಟರಿ ಓದಿದ. ಊಟ ಆಯಿತೇ? ಏನು ಸಾರು ಮಾಡಿದ್ದಿರಿ?

ಜನ ಹೋ ಎಂದರು. ನನಗೂ ನಗು ಬಂತು, ಎದೆ ಉಬ್ಬಿತು. ನನ್ನ ಸಾಲು ನನ್ನ ಊರಿನಲ್ಲೇ ಓದಿಸಿಕೊಳ್ಳುತ್ತಿದೆ! ಊಟದವ್ವ ತಟ್ಟನೆ ತಲೆಯೆತ್ತಿ ನನ್ನ ಕಡೆ ನೋಡಿ ನಕ್ಕಳು. ಎದುರಿಗಿದ್ದೆನಲ್ಲ, ಅದಕ್ಕೆ ನೋಡಿದಳು ಎಂದುಕೊಂಡೆ. "ಅವರೆಕಾಳು ಅಂತ ಯೋಳಪ್ಪ" ಎಂದಳು. ಮತ್ತೆ ನಗು. ಸೆಕ್ರೆಟರಿ ಅದೇ ಜೋರಿನಲ್ಲಿ ಮುಂದಕ್ಕೆ ಓದಿಕೊಂಡು ಹೋದ. ನೀವು ಮಾಡಿಸಿದ ಕ್ಷಯರೋಗದ ಕಫ ಪರೀಕ್ಷೆಗೆ ಆರು ತಿಂಗಳು ತುಂಬಿತು. ಅಸಡ್ಡೆ ಬೇಡ, ಮತ್ತೆ ಬನ್ನಿ. ನಿಮ್ಮ ಕೈಯೂಟ ಉಣ್ಣುವವರನ್ನೂ ಕರೆತಂದು ಪರೀಕ್ಷೆ ಮಾಡಿಸಿ.

ಓದಿ ಮುಗಿಸಿದ ಮೇಲೆ ಅವನಿಗೆ ತಾನೇನು ಓದಿದೆ ಎಂದು ಹೊಳೆಯಿತು. ಹಾಳೆಯನ್ನು ಮಡಿಸಿದ. ಹಾಲು ಅಳೆಯುವವಳ ಕೈ ಹಾಗೇ ನಿಂತಿತ್ತು. ಸಾಲಿನಲ್ಲಿ ಊಟದವ್ವನ ಹಿಂದೆ ನಿಂತಿದ್ದ ಹೆಂಗಸು, ಅವಳ ಇಬ್ಬರು ಮಕ್ಕಳೂ ಅದೇ ಶಾಲೆಗೆ ಹೋಗುತ್ತಾರೆ, ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ನಾನು ಅದನ್ನು ನನ್ನ ಕಣ್ಣಾರೆ ನೋಡಿದೆ. ಊಟದವ್ವ ಹಾಳೆ ಇಸಿದುಕೊಂಡು ಸೆರಗಿಗೆ ಕಟ್ಟಿಕೊಂಡು, "ಏನೂ ಇರ್ನಿಲ್ಲ ಕಣ್ರಪ್ಪ, ಕೆಮ್ಮಿತ್ತು, ತೋರಿಸ್ದೆ, ಏನೂ ಇಲ್ಲ ಅಂದ್ರು" ಎಂದಳು. ಅವಳ ಹಾಲನ್ನು ಹಾಕಿಸಿಕೊಂಡರು, ಆದರೆ ಕ್ಯಾನಿನ ಮುಚ್ಚಳ ಮುಟ್ಟುವಾಗ ಹಾಲು ಅಳೆಯುವವಳು ಬೆರಳ ತುದಿಯಲ್ಲಿ ಮುಟ್ಟಿದಳು.

ಅವಳು ಹೇಳಿದ್ದು ನಿಜ. ಆರು ತಿಂಗಳ ಹಿಂದೆ ಒಲೆಯ ಹೊಗೆಗೋ ಏನಕ್ಕೋ ಕೆಮ್ಮು ಹಿಡಿದು ಬಿಡದೆ ಹೋದಾಗ, ಊರಿನಲ್ಲಿ ತೋರಿಸಿದರೆ ಸುದ್ದಿಯಾಗುತ್ತದೆ ಎಂದು ಯಾರಿಗೂ ಹೇಳದೆ ರಾಮನಗರಕ್ಕೆ ಬಂದು, ನಮ್ಮ ಲ್ಯಾಬಿನ ಕಿಟಕಿಯಲ್ಲಿ ಆ ಚೀಟಿ ಕೊಟ್ಟು ಪರೀಕ್ಷೆ ಮಾಡಿಸಿದ್ದಳು. ನಾನು ಅವತ್ತು ಮೇಲಿನ ಕೋಣೆಯಲ್ಲಿ ಕೂತಿರಬೇಕು. ರೋಗವಿಲ್ಲ ಎಂದು ವರದಿ ಬಂದಿತ್ತು. ಅದನ್ನು ನಾನು ಮಾರನೆಯ ಬೆಳಿಗ್ಗೆ ಆಫೀಸಿಗೆ ಓಡಿ ಕಂಪ್ಯೂಟರಿನಲ್ಲಿ ನೋಡಿದೆ. ನೋಡಿ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಇಲ್ಲದ ರೋಗವನ್ನು ನಾನು ಒಂದು ಮೇಲ್ ಬರೆದು ಅವಳಿಗೆ ಅಂಟಿಸಿದ್ದೆ.

ಆ ವಾರ ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದರು. ಮೊದಲ ದಿನ ಏಳೆಂಟು, ಮೂರನೆಯ ದಿನಕ್ಕೆ ಸಾಲುಸಾಲು. ಊಟದವ್ವ ಮಾಡಿದ ಸಾರು ಪಾತ್ರೆಯಲ್ಲೇ ಉಳಿಯಿತು. ಮನೆಯಲ್ಲಿ ಅಮ್ಮ ಮುದ್ದೆ ಕಟ್ಟುತ್ತಾ, "ಯಾವ ಮನೆಹಾಳ ಬರ್ದ್ನೋ ಆ ಕಾಗ್ಜಾವ, ಅವನ ಕೈ ಸೇದೋಗ" ಎಂದು ಶಾಪ ಹಾಕಿದಳು. ನನ್ನ ತಟ್ಟೆಗೆ ಮುದ್ದೆ ಇಟ್ಟಳು. ನಾನು ಅದೇ ಕೈಯಲ್ಲಿ ಮುರಿದು ನುಂಗಿದೆ. ಅಮ್ಮನಿಗೆ ಆವಾಗಲೇ ಹೇಳಬಹುದಿತ್ತು.

ಮಾಲೀಕರಿಗೆ ಹೇಳಿದೆ. ಸಕ್ಕರೆ ಬಿಟ್ಟು ಬೇರೆಯವರಿಗೂ ಹೋಗಿದೆ, ಹೀಗೆ ಹೀಗೆ ಆಗಿದೆ, ಲೆಟರ್‌ಹೆಡ್ಡಿನಲ್ಲಿ ತಪ್ಪು ನಮ್ಮದು ಎಂದು ಒಂದು ಸಾಲು ಬರೆದುಕೊಡಿ ಎಂದು ಕೇಳಿದೆ. ಅವರು ಕೆಟ್ಟವರಲ್ಲ, ಹೆದರಿಕೆಯವರು. "ಒಬ್ಬರಿಗೆ ಬರೆದುಕೊಟ್ಟರೆ ಇನ್ನಷ್ಟು ಜನ ಬರ್ತಾರಮ್ಮ. ಎಲ್ಲರಿಗೂ ಒಂದು ಕ್ಷಮೆಯ ಮೇಲ್ ಕಳಿಸಿಬಿಡು, ಸಾಕು" ಎಂದರು. ಕ್ಷಮೆಯ ಮೇಲ್ ಬರೆದೆ. ಈ ಸಲ ಎಚ್ಚರ ನೋಡಿ! ಅದೂ ಪ್ರಿಂಟಾಗಿ ಡೈರಿಗೆ ಹೋದರೆ ಗತಿಯೇನು ಎಂದು ನಮ್ಮ ಸೆಂಟರಿನ ವಿಳಾಸವಿದ್ದ ಸಾಲುಗಳನ್ನೆಲ್ಲ ಅಳಿಸಿ ಕಳಿಸಿದೆ. ಕನಕಪುರ, ಮಾಗಡಿ, ಚನ್ನಪಟ್ಟಣದಲ್ಲಿ ಏನೂ ತೊಂದರೆಯಾಗದೆ ಆರಾಮಾಗಿ ಕೂತಿದ್ದವರಿಗೆಲ್ಲ ನಮ್ಮ ಕ್ಷಮೆ ತಲುಪಿತು. ಯಾರಿಗೆ ಬೇಕಿತ್ತೋ ಅವಳೊಬ್ಬಳಿಗೆ ಹೋಗಲಿಲ್ಲ.

ಶನಿವಾರ ಶಾಲಾ ಸಮಿತಿಯ ಸಭೆ ಕರೆದರು. ಅಡುಗೆಯವಳನ್ನು ಇಟ್ಟುಕೊಳ್ಳುವುದೋ ಬಿಡುವುದೋ, ಅದೊಂದೇ ವಿಷಯ. ಹಿಂದಿನ ದಿನ ಊಟದವ್ವ ನಮ್ಮ ಮನೆಗೆ ಬಂದು, ಅಕ್ಕಿಡಬ್ಬದಲ್ಲಿ ಮುಚ್ಚಿಟ್ಟಿದ್ದ ವರದಿಯನ್ನು ಕವರಿನಿಂದ ತೆಗೆದು ನನ್ನ ಕೈಗಿಟ್ಟಳು. "ನೀನೊಸಿ ಬಾರವ್ವ. ಓದಿ ಯೋಳು ಅವ್ರಿಗೆ. ನಾನ್ ಯೋಳಿದ್ರೆ ನಂಬಾಕಿಲ್ಲ" ಎಂದಳು. ಅವಳಿಗೆ ಆ ಸಂಬಳ ಒಂದೇ ವಿಷಯವಲ್ಲ. ಬೆಳಗಾದರೆ ಹೋಗಲು ಒಂದು ಜಾಗ, ಅವ್ವ ಎಂದು ಕೂಗುವ ಮಕ್ಕಳು, ಅದು ಹೋದರೆ ಅವಳಿಗೆ ಆ ಮೂರನೆಯ ಬಾಗಿಲ ಒಳಗಿನ ಕತ್ತಲೆ ಬಿಟ್ಟರೆ ಏನೂ ಇರಲಿಲ್ಲ. ಬರುತ್ತೇನೆ ಎಂದೆ.

ಸಭೆ ಐದನೇ ಕ್ಲಾಸಿನ ಕೋಣೆಯಲ್ಲಿ. ಮಕ್ಕಳ ಬೆಂಚಿನಲ್ಲಿ ದೊಡ್ಡವರು ಮಂಡಿ ಮಡಿಸಿಕೊಂಡು ಕೂತಿದ್ದರು. ಊಟದವ್ವ ಬಾಗಿಲ ಹತ್ತಿರ ಕೂತಿದ್ದಳು, ಅವಳ ಅಕ್ಕಪಕ್ಕ ಖಾಲಿ. ನಾನು ವರದಿ ಓದಿದೆ. ರೋಗವಿಲ್ಲ ಎಂದು ಸ್ಪಷ್ಟವಾಗಿ ಇದೆ ಎಂದೆ. ನನ್ನ ಧ್ವನಿ ಚೆನ್ನಾಗಿಯೇ ಇತ್ತು.

ಸಮಿತಿಯ ಅಧ್ಯಕ್ಷ ಕತ್ತು ತುರಿಸಿಕೊಂಡು, "ಅದು ಸರಿ ಕಣವ್ವ. ರೋಗ ಇಲ್ದೋದ್ರೆ ಮತ್ತೆ ಬನ್ನಿ ಅಂತ ಯಾಕ್ ಬರೀತಾರೆ? ಕೈಯೂಟ ಉಣ್ಣೋರ್ನೂ ಕರ್ಕಂಬನ್ನಿ ಅಂತಾವ್ರೆ. ಸುಮ್ ಸುಮ್ನೆ ಅಂತಾರಾ?" ಎಂದ.

ಮುಖ್ಯ ಶಿಕ್ಷಕಿಗೆ ಊಟದವ್ವನ ಮೇಲೆ ಪ್ರೀತಿಯಿತ್ತು. ಅವರು ಒಂದು ದಾರಿ ಹುಡುಕಿದರು. "ಆ ಲ್ಯಾಬಿನವರು ಯಾರಾದರೂ ಬಂದು, ಇದು ನಾವು ತಪ್ಪಿ ಕಳಿಸಿದ್ದು ಅಂತ ಇಲ್ಲಿ ಹೇಳಿದರೆ ನಾನೇ ಬರೆದು ಸಹಿ ಹಾಕಿಸ್ತೀನಿ. ಎಲ್ಲರೂ ಒಪ್ತೀರಾ?" ಎಂದು ಕೇಳಿದರು. ಒಪ್ಪುತ್ತೇವೆ ಎಂದರು. ಅಧ್ಯಕ್ಷನೂ ತಲೆಯಾಡಿಸಿದ. "ಯಾರಾನ ಬಂದು ಯೋಳ್ಲಿ, ನಮ್ದೇನಿಲ್ಲ."

ಲ್ಯಾಬಿನವಳು ಅಲ್ಲೇ ಕೂತಿದ್ದಳು. ಕೈಯಲ್ಲಿ ವರದಿ ಹಿಡಿದುಕೊಂಡು ಮೂರನೇ ಬೆಂಚಿನಲ್ಲಿ ಕೂತಿದ್ದಳು. ಎದ್ದು ನಿಂತು, ಬರೆದವಳು ನಾನೇ, ಪಟ್ಟಿ ನೋಡದೆ ಕಳಿಸಿದೆ ಎಂದರೆ ಮುಗಿಯುತ್ತಿತ್ತು. ಒಂದು ನಿಮಿಷದ ಮಾತು. ನನಗೆ ಅಮ್ಮ ಹಾಕಿದ ಶಾಪ ಕೇಳಿಸಿತು. ಊರಿನ ಅಷ್ಟೂ ಜನ ನನ್ನ ಕಡೆ ತಿರುಗುವುದು ಕಂಡಿತು. ನಾಳೆ ಅವರಲ್ಲಿ ಯಾರೋ ರಾಮನಗರಕ್ಕೆ ಬಂದು ಮಾಲೀಕರ ಮುಂದೆ ನನ್ನ ಹೆಸರು ಹೇಳಿ ಗಲಾಟೆ ಮಾಡುವುದು ಕಂಡಿತು. ಕೆಲಸ ಹೋಗುವುದು ಕಂಡಿತು. ಸೋಮವಾರ ಬೆಳಿಗ್ಗೆ ಬಂದು ಮುಖ್ಯ ಶಿಕ್ಷಕಿಗೆ ಒಬ್ಬರಿಗೇ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು! ಊಟದವ್ವ ನನ್ನನ್ನೇ ನೋಡುತ್ತಿದ್ದಳು. ನಾನು ವರದಿಯನ್ನು ಮಡಿಸಿದೆ, ಮತ್ತೆ ಬಿಡಿಸಿದೆ, ಮತ್ತೆ ಮಡಿಸಿದೆ.

ಯಾರೂ ಎದ್ದು ನಿಲ್ಲಲಿಲ್ಲವಾದ್ದರಿಂದ, ಅವಳಿಗೆ ವಯಸ್ಸಾಯಿತು, ವಿಶ್ರಾಂತಿ ಬೇಕು ಎಂದು ಬರೆದುಕೊಂಡರು. ರೋಗದ ಮಾತನ್ನು ಎತ್ತಲಿಲ್ಲ, ಮರ್ಯಾದೆ ಉಳಿಸಿದೆವು ಎಂದುಕೊಂಡರು. ಸೋಮವಾರದಿಂದ ಬರಲು ಹಿಂದಿನ ಬೀದಿಯ ಇನ್ನೊಬ್ಬಳಿಗೆ ಅಲ್ಲೇ ಹೇಳಿ ಕಳಿಸಿದರು. ಊಟದವ್ವ ಎದ್ದು, ಅಡುಗೆಮನೆಯ ಬೀಗದ ಕೈಯನ್ನು ಸೊಂಟದಿಂದ ತೆಗೆದು ಮೇಜಿನ ಮೇಲಿಟ್ಟಳು. ಅಧ್ಯಕ್ಷ ಅದನ್ನು ಕರವಸ್ತ್ರದಲ್ಲಿ ಎತ್ತಿಕೊಂಡ.

ಭಾನುವಾರ ಮಧ್ಯಾಹ್ನ ಅವಳು ನನ್ನನ್ನು ಕರೆಸಿದಳು. ಕಾಗದ ಪೆನ್ನು ತಗೊಂಡು ಬಾ ಎಂದು ಹೇಳಿ ಕಳಿಸಿದ್ದಳು. ಹೋದೆ. ಒಲೆಯ ಮುಂದೆ ಕೂತಿದ್ದಳು. ಅವತ್ತಿನ ಅರ್ಧ ಹಾಳೆ ಮಡಿಕೆ ಬಿದ್ದು ಸವೆದಿತ್ತು, ಅದನ್ನು ನನ್ನ ಮುಂದೆ ಇಟ್ಟಳು.

"ಇವ್ರಿಗೊಂದ್ ಕಾಗ್ಜ ಬರಿ. ಇನ್ಮೇಕೆ ನಂಗ್ ಬರೀಬ್ಯಾಡಿ ಅಂತ. ಬ್ಯಾರೆ ಯಾರಿಗೂ ಇಂಗೆ ಬರೀಬ್ಯಾಡಿ ಅಂತ."

ನಾನು ಪೆನ್ನು ತೆರೆದು ಕೂತೆ. ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ. ಮಾನ್ಯರೇ ಎಂದು ಬರೆದೆ.

"ಅಂಗ್ಯಾಕ್ ಬರ್ದೀಯ?" ಎಂದಳು. ಅವಳಿಗೆ ಓದಲು ಬರುವುದಿಲ್ಲ, ಆದರೆ ಮೊದಲ ಸಾಲಿಗೆ ನನ್ನ ಕೈ ಎಷ್ಟು ದೂರ ಓಡಬೇಕು ಎನ್ನುವುದು ಗೊತ್ತಿತ್ತು. "ಯಾವಾಗ್ಲೂ ಬರ್ಯಾಂಗೆ ಬರಿ. ಊಟ ಆಯ್ತಾ, ಏನ್ ಸಾರು ಅಂತ ಶುರು ಮಾಡು."

ನಾನು ತಲೆಯೆತ್ತಿದೆ. ಅವಳು ಒಲೆಯನ್ನೇ ನೋಡುತ್ತಿದ್ದಳು.

"ಡೈರೀಲಿ ಓದ್ದಾಗ್ಲೇ ಗೊತ್ತಾಯ್ತು ಕಣವ್ವ. ನನ್ ಹೆಸ್ರು ಹಿಡ್ದು ಸಾರು ಕೇಳೋರು ಈ ಲೋಕದಾಗೆ ಇನ್ಯಾರವ್ರೆ?"

ನಾನು ಅತ್ತೆ. ತಪ್ಪಾಯಿತು ಎಂದೆ, ಬೇಕಂತ ಮಾಡಲಿಲ್ಲ ಎಂದೆ, ಪಟ್ಟಿ, ಖಾಲಿ ಜಾಗ, ಸಕ್ಕರೆ ಕಾಯಿಲೆ ಎಂದು ಏನೇನೋ ಬಡಬಡಿಸಿದೆ. ಅವಳಿಗೆ ಅದೊಂದೂ ಬೇಕಿರಲಿಲ್ಲ. ನಾಳೆ ಬೆಳಿಗ್ಗೆಯೇ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ ಎಂದೆ. "ನಾಳಿಂದ ಆ ಹೆಣ್ಮಗಳು ಬತ್ತಾಳೆ. ಅವಳ್ಗೂ ಎರಡು ಮಕ್ಕಳವೆ. ಈಗ ಅವಳ್ನ ಎಬ್ಬಿಸ್ಬ್ಯಾಡ ಬುಡು" ಎಂದಳು. ನಾನು ಸೋಮವಾರ ಹೋಗಿ ಹೇಳಿಯೂ ಹೇಳಿದೆ. ಮುಖ್ಯ ಶಿಕ್ಷಕಿ "ಮೊನ್ನೆ ಇಲ್ಲೇ ಇದ್ರಲ್ಲಮ್ಮ" ಎಂದರು, ಅಷ್ಟೇ. ಅಡುಗೆಮನೆಯಲ್ಲಿ ಹೊಸಬಳು ಪಾತ್ರೆ ತಿಕ್ಕುತ್ತಿದ್ದಳು.

ಆ ಭಾನುವಾರ ಕಾಗದ ಅರ್ಧಕ್ಕೇ ನಿಂತಿತು. ಊಟದವ್ವ ಎದ್ದು ತಟ್ಟೆ ಹಾಕಿದಳು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಮುದ್ದೆ, ಅವರೆಕಾಳಿನ ಸಾರು. ಕೆಲವು ದಿನದಿಂದ ಅವಳ ಕೈಯಡುಗೆಯನ್ನು ಅವಳನ್ನು ಬಿಟ್ಟು ಯಾರೂ ಉಂಡಿರಲಿಲ್ಲ. ಸಾರು ಹಾಗೇ ಇತ್ತು, ಇಪ್ಪತ್ತು ವರ್ಷದ ಹಿಂದಿನದೇ ರುಚಿ. ಎರಡನೇ ಸಲ ಹಾಕಲು ಸೌಟು ತಂದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

ಕೈ ತೊಳೆಯಲು ಹೊರಗೆ ಬಂದಾಗ ಚೊಂಬಿನಿಂದ ನನ್ನ ಕೈಗೆ ನೀರು ಹಾಕುತ್ತಾ, ನನ್ನ ಮುಖ ನೋಡದೆ ಹೇಳಿದಳು.

"ಸಭೇಲಿ ನಾನೇ ಯೋಳ್ಬೋದಿತ್ತು, ಇವಳೇ ಬರ್ದಿರೋದು ಅಂತ. ನೀನೇ ಎದ್ದು ಯೋಳ್ತೀಯ ಅಂತ ಕಾಯ್ಕಂಡ್ ಕುಂತಿದ್ದೆ ಕಣವ್ವ."